ಕುಣಿಯಲಾರದ ಚಕ್ರ, ಡೊಂಕಿಲ್ಲದ ನೆಲ

“ರೋಬೋಟ್ ಸಿಕ್ಕಿಹಾಕಿಕೊಂಡಿದೆ, ದಯವಿಟ್ಟು ಬೇರೆ ಜಾಗದಲ್ಲಿ ಇಡಿ.” ಏಳು ಜನರ ಎದುರು, ಮೂರು ಸಲ, ಒಂಚೂರೂ ಏರದ ಅದೇ ವಿನಯದ ದನಿಯಲ್ಲಿ. ಈಗಲೂ ಬೆಂಚಿನ ಮೇಲೆ ಯಾವುದಾದರೂ ಯೂನಿಟ್ ಈ ಮಾತು ಆಡಿದರೆ ನನ್ನ ಕಿವಿ ಬಿಸಿಯಾಗುತ್ತೆ.

ಮನೆ ಗುಡಿಸುವ ರೋಬೋಟುಗಳ ಆರ್‌ಎಂಎ, ಅಂದರೆ ಕೆಟ್ಟು ವಾಪಸ್ ಬಂದವುಗಳ ರಿಪೇರಿ, ನೋಡೋದು ನಮ್ಮ ಸೆಕ್ಷನ್. ಒಂದು ಹಳೆಯ ಮಾಡೆಲ್‌ಗೆ ವೀಲ್ ಮಾಡ್ಯೂಲ್ ಸಪ್ಲೈ ನಿಂತುಹೋಗಿತ್ತು. ಮೋಟಾರ್ ಸರಿ, ಗೇರ್‌ಬಾಕ್ಸ್ ಸರಿ, ಟೈರ್ ಮಾತ್ರ ಸವೆದು ಬೋಳು. ಅಷ್ಟಕ್ಕೇ 23 ಯೂನಿಟ್ ಹೋಲ್ಡ್ ರ‍್ಯಾಕ್‌ನಲ್ಲಿ ಕೂತಿದ್ದವು. ರಿವ್ಯೂ ಮೀಟಿಂಗಿನಲ್ಲಿ “ಚಕ್ರ ನಾವೇ ಮಾಡ್ಕೊಳ್ಳಬಹುದು ಸರ್” ಅಂತ ಬಾಯಿ ಬಿಟ್ಟವನು ನಾನೇ. ನಮ್ಮಲ್ಲಿ ಬಾಯಿ ಬಿಟ್ಟವನ ಹೆಸರಿಗೇ ಟಿಕೆಟ್.

ಮೊದಲು 3ಡಿ ಪ್ರಿಂಟರಿನಲ್ಲಿ ತೆಗೆದ ಪಿಎಲ್‌ಎ ಪ್ಲಾಸ್ಟಿಕ್ ಚಕ್ರಕ್ಕೆ ತೋಡು ಕೊರೆದು ಓ-ರಿಂಗ್, ಅಂದರೆ ರಬ್ಬರ್ ಬಳೆ, ಕೂರಿಸಿದೆ. ನೇರ ಓಡುವಾಗ ಚೆನ್ನಾಗಿತ್ತು. ನಿಂತಲ್ಲೇ ತಿರುಗೋಕೆ ಹೋದಾಗ ರಿಂಗ್ ಅಡ್ಡಕ್ಕೆ ಎಳೆದುಕೊಂಡು ತೋಡಿನಿಂದ ಮೇಲೆದ್ದು ಆಕ್ಸಲ್‌ಗೆ ಸುತ್ತಿಕೊಂಡಿತು. ಚಕ್ರವನ್ನು ದ್ರವ ಲೇಟೆಕ್ಸಿನಲ್ಲಿ ಅದ್ದಿ ಒಣಗಿಸಿದೆ. ಹಾವಿನ ಪೊರೆಯ ಹಾಗೆ ಕಳಚಿ ಬಂತು. ಆಮೇಲೆ ಇಡೀ ಟೈರನ್ನೇ ರಬ್ಬರಿನಂತೆ ಬಾಗುವ ಟಿಪಿಯು ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದೆ, ಗಡಸುತನದ ಅಳತೆ 95ಎ; ಈ ಅಂಕಿ ಇಳಿದಷ್ಟೂ ಮೆತ್ತಗೆ. ಗಟ್ಟಿ ಇತ್ತು, ಸವೆಯುತ್ತಲೂ ಇರಲಿಲ್ಲ, ಆದರೆ ನುಣುಪು ನೆಲದ ಮೇಲೆ ಪ್ಲಾಸ್ಟಿಕ್ ಬಕೆಟ್ ಜಾರಿದ ಹಾಗೆ ಜಾರುತ್ತಿತ್ತು. 95ಎ ಅಂದರೆ ಹೆಸರಿಗೆ ಮಾತ್ರ ಮೆತ್ತನೆ. ನೆಲದ ಸಣ್ಣ ಒರಟಿನೊಳಗೆ ಇಳಿದು ಕಚ್ಚಿಕೊಳ್ಳುವಷ್ಟು ಬಾಗಲ್ಲ.

ಇಷ್ಟಾದ ಮೇಲೆ ನಾನೊಂದು ಟಿಲ್ಟ್ ಟೆಸ್ಟ್ ಕಟ್ಟಿಕೊಂಡೆ. ಅದರ ಬಗ್ಗೆ ನನಗೆ ಎಲ್ಲಿಲ್ಲದ ಹೆಮ್ಮೆ. ನಾಲ್ಕು ಚಕ್ರ ಅಲುಗದಂತೆ ಬಿಗಿದ ಸಣ್ಣ ಹಲಗೆ, ಅದರ ಮೇಲೆ 1 ಕಿಲೋ ತೂಕ. ಅದನ್ನು ಲ್ಯಾಮಿನೇಟ್ ಹಾಕಿದ ಪ್ಲೈವುಡ್ ಮೇಲಿಟ್ಟು ಒಂದು ತುದಿಯನ್ನು ನಿಧಾನಕ್ಕೆ ಎತ್ತೋದು. ಜಾರಲು ಶುರುವಾದ ಕೋನದ ಟ್ಯಾನ್ ತೆಗೆದರೆ ಅದೇ ಘರ್ಷಣೆಯ ಲೆಕ್ಕ. ಕಂಪನಿಯ ಒರಿಜಿನಲ್ ಟೈರ್ 38 ಡಿಗ್ರಿವರೆಗೆ ನಿಂತಿತು, ಸುಮಾರು 0.78. ನನ್ನ ಟಿಪಿಯು 27ಕ್ಕೇ ಜಾರಿತು, 0.51.

ಕೊನೆಗೆ ಸಿಲಿಕೋನ್‌ಗೆ ಹೋದೆ. 20ಎ ಪ್ಲಾಟಿನಂ ಕ್ಯೂರ್ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ), ಕಪ್ಪು ಬಣ್ಣ ಕಲಸಿ, ರಿಮ್ ಸುತ್ತ ಎರಕ. ಅಚ್ಚನ್ನು ರೆಸಿನ್ ಪ್ರಿಂಟರಿನಲ್ಲಿ ತೆಗೆದೆ, ಲೇಯರ್ ಗೆರೆ ಬೀಳದೆ ಕನ್ನಡಿಯಂತೆ ಬರಲಿ ಅಂತ. ಬಿಚ್ಚಿದಾಗ ಟೈರಿನ ಮೇಲ್ಮೈ ಕೈಗೆ ಅಂಟುತ್ತಿತ್ತು, ಹೊಸ ಸ್ಟಿಕ್ಕರಿನ ಹಿಂಬದಿಯ ಹಾಗೆ. ಟಿಲ್ಟ್ ಟೆಸ್ಟಿನಲ್ಲಿ 46 ಡಿಗ್ರಿ. ಒಂದಕ್ಕಿಂತ ಮೇಲೆ! ಒರಿಜಿನಲ್ಲನ್ನೇ ಸೋಲಿಸಿದೆ ಅಂತ ಆವತ್ತು ಅರ್ಧ ಸೆಕ್ಷನ್ನಿಗೆ ಕರೆದು ತೋರಿಸಿದೆ.

ಅಂಟುತ್ತಿದೆಯಲ್ಲ, ಯಾಕೆ ಅಂತ ಒಂದು ಸಲವಾದರೂ ಕೇಳಿಕೊಳ್ಳಬೇಕಿತ್ತು. ಸರಿಯಾಗಿ ಕ್ಯೂರ್ ಆದ ಸಿಲಿಕೋನ್ ಅಂಟಲ್ಲ. ಪ್ಲಾಟಿನಂ ಕ್ಯೂರ್‌ಗೆ ಗಂಧಕ, ಲೇಟೆಕ್ಸ್ ಗ್ಲೋವ್ಸ್, ಪೂರ್ತಿ ಗಟ್ಟಿಯಾಗದ ರೆಸಿನ್ ಯಾವುದು ತಗುಲಿದರೂ ಆ ಜಾಗದಲ್ಲಿ ಪ್ರಕ್ರಿಯೆ ಅರ್ಧಕ್ಕೇ ನಿಲ್ಲುತ್ತೆ. ಅಂದರೆ ನನ್ನ ಟೈರಿನ ಚರ್ಮ ಇನ್ನೂ ಹಸಿ. ನಾನು ಹಿಡಿತ ಅಂದುಕೊಂಡಿದ್ದು ಎರಕದ ದೋಷ. ಡೇಟಾ ಶೀಟಿನಲ್ಲಿ ಇದೆಲ್ಲ ಬರೆದಿತ್ತು. ಓದಿದ್ದು ಮಾತ್ರ ಆಮೇಲೆ.

ಡೆಮೊ ದಿನ ಬಂತು. ಮೀಟಿಂಗ್ ರೂಮು ಬುಕ್ ಮಾಡಿದ್ದೆ. ಹಿಂದಿನ ಸಂಜೆ ಎಚ್‌ಆರ್‌ನವರು ಅದನ್ನು ಟ್ರೈನಿಂಗಿಗೆ ತಗೊಂಡರು. ಮ್ಯಾನೇಜರ್ “ಸ್ಟೋರ್ಸ್ ಪ್ಯಾಸೇಜಿನಲ್ಲೇ ತೋರ್ಸಿಬಿಡಿ, ನೆಲ ನೆಲಾನೇ ಅಲ್ವಾ” ಅಂದರು. ನಾನೂ ಹೌದಲ್ಲ ಅಂದುಕೊಂಡೆ. ಪ್ಯಾಸೇಜಿನ ಮಧ್ಯೆ 18 ಮಿಲಿಮೀಟರ್ ಎತ್ತರದ ಮರದ ಪಟ್ಟಿ, ಹೊಸ್ತಿಲ ಬದಲು. ರೋಬೋಟ್ ಚಾರ್ಜಿಂಗ್ ಡಾಕ್‌ನಿಂದ ಹೊರಟು ಸುತ್ತೆಲ್ಲ ಗುಡಿಸಿಕೊಂಡು ಬಂದು ಅದನ್ನು ದಾಟಬೇಕು.

ಮೊದಲನೇ ಸಲ ದಾಟಿತು. ಸಲೀಸಾಗಿ. ಕ್ಲೈಂಟ್ ಕಡೆಯವರೊಬ್ಬರು ತಲೆಯಾಡಿಸಿದರು. ಅಲ್ಲಿಗೇ ಮುಗಿಸಿ ಯೂನಿಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ. “ಎಲ್ಲಾ ಕಡೆ ಗುಡಿಸ್ಲಿ, ವಾಪಸ್ ದಾಟ್ಲಿ” ಅಂದರು ಮ್ಯಾನೇಜರ್.

ಹನ್ನೆರಡು ನಿಮಿಷ ಗುಡಿಸಿತು. ವಾಪಸ್ ಬಂದು ಪಟ್ಟಿಗೆ ಮೂತಿ ಒತ್ತಿತು, ಚಕ್ರ ಗಿರ್ರ್ ಅಂದವು, ಯೂನಿಟ್ ಅಲ್ಲೇ. ಹಿಂದೆ ಸರಿದು, ಓರೆಯಾಗಿ ಬಂದು, ಮತ್ತೆ ಗಿರ್ರ್. ಆಮೇಲೆ ಆ ವಿನಯದ ದನಿ.

ನನಗೆ ತಕ್ಷಣ ತಲೆಗೆ ಬಂದಿದ್ದು ಸಸ್ಪೆನ್ಶನ್ ಸ್ಪ್ರಿಂಗ್. ಹಳೆ ಯೂನಿಟ್, ಸ್ಪ್ರಿಂಗ್ ಸೋತಿದೆ, ಚಕ್ರವನ್ನು ನೆಲಕ್ಕೆ ಒತ್ತುತ್ತಿಲ್ಲ. “ಒಂದ್ನಿಮಿಷ ಸರ್” ಅಂತ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಯೂನಿಟ್ ಬೋರಲು ಹಾಕಿ ಕವರ್ ಬಿಚ್ಚಿದೆ. ಒಂದು ಸ್ಕ್ರೂ ಉರುಳಿ ರ‍್ಯಾಕಿನಡಿ ಹೋಯಿತು. ಏಳು ಜನ ನನ್ನ ನೆತ್ತಿ ನೋಡುತ್ತಾ ನಿಂತಿದ್ದರು. ಬೇರೆ ಸ್ಪ್ರಿಂಗ್ ಹಾಕಿ ಬಿಟ್ಟೆ. ಗಿರ್ರ್. ಬ್ಯಾಟರಿ ಇಳಿದಿರಬೇಕು ಅಂದೆ, ಬದಲಿಸಿದೆ. ಗಿರ್ರ್, ಆಮೇಲೆ ಮೂರನೇ ಸಲ ಆ ದನಿ. ಕ್ಲೈಂಟ್ ಫೋನ್ ತೆಗೆದರು. ನಾನು ಫರ್ಮ್‌ವೇರ್ ಅನ್ನುವ ಪದವನ್ನು ಬಾಯಿಗೆ ತರುವ ಹಂತದಲ್ಲಿದ್ದೆ.

ನಮ್ಮ ಟ್ರೈನಿ ಹುಡುಗಿ ಹಿಂದಿನಿಂದ ಮೆಲ್ಲಗೆ, “ಅಣ್ಣ, ಚಕ್ರ ಕಪ್ಪಿತ್ತಲ್ವಾ?” ಅಂದಳು.

“ಸುಮ್ನಿರಮ್ಮ ಒಂದ್ನಿಮಿಷ” ಅಂದೆ. ಡೆಮೊ ಕೆಟ್ಟಿದ್ದಕ್ಕಿಂತ ಈ ಮಾತು ನನ್ನನ್ನು ಜಾಸ್ತಿ ಚುಚ್ಚುತ್ತೆ.

ಎಲ್ಲರೂ ಹೋದ ಮೇಲೆ ಅವಳು ಯೂನಿಟ್ ಎತ್ತಿ ಒದ್ದೆ ಬಟ್ಟೆಯಿಂದ ಎರಡೂ ಚಕ್ರ ಒರೆಸಿ, ಒಣಗಿಸಿ ಬಿಟ್ಟಳು. ಒಂದೇ ಏಟಿಗೆ ಪಟ್ಟಿ ದಾಟಿತು. ನೋಡೋಕೆ ಅವಳು, ನಾನು, ಖಾಲಿ ರಟ್ಟಿನ ಪೆಟ್ಟಿಗೆಗಳು. ಆ ಪೆಟ್ಟಿಗೆಗಳದ್ದೇ ಪುಡಿ ಬಟ್ಟೆಯ ತುಂಬ. ಅಂಟಂಟು ಟೈರು ಹನ್ನೆರಡು ನಿಮಿಷದಲ್ಲಿ ಪ್ಯಾಸೇಜಿನ ಧೂಳನ್ನೆಲ್ಲ ಮೈಗೆ ಮೆತ್ತಿಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಹಾಗಾದ ಮೇಲೆ ನೆಲಕ್ಕೆ ತಾಗುತ್ತಿದ್ದದ್ದು ಸಿಲಿಕೋನ್ ಅಲ್ಲ, ಪುಡಿ. ಮರುದಿನ ಅಂಥದ್ದೇ ನಾಲ್ಕು ಚಕ್ರಕ್ಕೆ ಅದೇ ಪುಡಿ ಮೆತ್ತಿ ಟಿಲ್ಟ್ ಟೆಸ್ಟಿಗೆ ಹಾಕಿದೆ: 18 ಡಿಗ್ರಿ, 0.32. ನಾನು ಬಿಸಾಕಿದ ಟಿಪಿಯುಗಿಂತ ಕಡೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಸ್ಪ್ರಿಂಗ್ ಅಂದೆ, ಬ್ಯಾಟರಿ ಅಂದೆ, ನೆಲವೊಂದನ್ನು ಬಿಟ್ಟು. ಟೆಸ್ಟ್ ಹಲಗೆಯನ್ನು ಹೌಸ್‌ಕೀಪಿಂಗ್ ಅಕ್ಕ ದಿನಾ ಬೆಳಿಗ್ಗೆ ಒರೆಸಿಡುತ್ತಿದ್ದರು. ಅದರ ಮೇಲೆ ಬಂದ 46 ಡಿಗ್ರಿಯನ್ನು ನಾನು ನಂಬಿದ್ದೆ. ಕಸ ಇರುವ ಕಡೆಗೇ ಹೋಗಲಿ ಅಂತ ಮಾಡಿದ ಯಂತ್ರ ಅದು.

ಸರಿಪಡಿಸೋಕೆ ಮೂರು ವಾರ ಹಿಡಿಯಿತು, ಅದರಲ್ಲಿ ಒಂದು ವಾರ ಸಿಲಿಕೋನ್ ಡಬ್ಬಿಯ ಅಪ್ರೂವಲ್‌ಗೇ. ಅಚ್ಚನ್ನು ರೆಸಿನ್ ಬಿಟ್ಟು ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ತೆಗೆದೆ, ಮೇಲ್ಮೈ ಅಂಟಲಿಲ್ಲ. ಲೇಯರ್ ಗೆರೆ ಟೈರಿನ ಮೇಲೆ ಮೂಡಿದರೆ ಮೂಡಲಿ ಅಂತ ಬಿಟ್ಟೆ. 20ಎ ಬದಲು 40ಎ. ಸಿಲಿಕೋನ್ ಪ್ಲಾಸ್ಟಿಕ್ಕಿಗೆ ಅಂಟೋದಿಲ್ಲ, ಸೂಪರ್ ಗ್ಲೂ ಹಾಕಿದರೂ ಅಷ್ಟೇ. ಅದಕ್ಕೆ ರಿಮ್ಮಿನ ಸುತ್ತ ತೂತು ಬಿಟ್ಟು, ಎರಕ ಅದರೊಳಗೆ ಹರಿದು ಆ ಕಡೆ ಗುಬಟಾಗಿ ನಿಲ್ಲುವ ಹಾಗೆ ಮಾಡಿದೆ. ಮುಖ್ಯವಾಗಿ, ಬೋಳು ಟೈರು ಬಿಟ್ಟೆ. ಒಣ, ಚೊಕ್ಕ ನೆಲದಲ್ಲಿ ಬೋಳು ಟೈರೇ ಮೇಲು, ತಾಗುವ ಜಾಗ ಜಾಸ್ತಿ. ಧೂಳಿದ್ದರೆ ಅದು ಹೋಗೋಕೆ ದಾರಿ ಬೇಕು. 3 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ಆಳದ ಓರೆ ತೋಡುಗಳು. ಅವುಗಳ ಅಂಚೇ ಪಟ್ಟಿಯ ಮೂಲೆಯನ್ನೂ ಕಚ್ಚುತ್ತೆ. ಚೊಕ್ಕ ಹಲಗೆ ಮೇಲೆ 35 ಡಿಗ್ರಿ, ಅರ್ಧ ಗಂಟೆ ಕೊಳೆ ನೆಲದಲ್ಲಿ ಓಡಿಸಿದ ಮೇಲೆ 31. ಮೊದಲ ಅಂಕಿ ಯಾರಿಗೂ ತೋರಿಸುವಂಥದ್ದಲ್ಲ. ಎರಡನೆಯದು ನನಗೆ ಸಾಕು.

ನಡುವೆ ಇನ್ನೊಂದು ಎಡವಟ್ಟು. ಒಂದು ಅಚ್ಚು ಸರಿಯಾಗಿ ಮುಚ್ಚದೆ ಎಡ ಟೈರ್ 71 ಮಿಲಿಮೀಟರ್ ಬಂತು, ಬಲ 70. ಒಂದು ಮಿಲಿಮೀಟರ್ ತಾನೆ ಅಂತ ಹಾಕಿದೆ. ಒಂದು ಸುತ್ತಿಗೆ ಎಡ ಚಕ್ರ 3.14 ಮಿಲಿಮೀಟರ್ ಮುಂದೆ ಓಡುತ್ತೆ, ಚಕ್ರದ ಸುತ್ತು ಎಣಿಸುವ ಎನ್‌ಕೋಡರ್ ಮಾತ್ರ ಎರಡೂ ಸಮ ಅನ್ನುತ್ತೆ. ತಿರುಗುವಿಕೆ ಅಳೆಯುವ ಗೈರೊ ತಿರುಗುತ್ತಿದ್ದೇವೆ ಅನ್ನುತ್ತೆ. ಯೂನಿಟ್ ಯಾರ ಮಾತು ಕೇಳಬೇಕೋ ತಿಳಿಯದೆ ಕುಡಿದವರ ಹಾಗೆ ಓಲಾಡಿತು. ಈಗ ಪ್ರತಿ ಜೋಡಿಯನ್ನೂ ಕ್ಯಾಲಿಪರಿನಲ್ಲಿ ಅಳೆದೇ ಹಾಕೋದು.

23ರಲ್ಲಿ 19 ಯೂನಿಟ್ ಕ್ಯೂಸಿ (ಗುಣಮಟ್ಟದ ಪರೀಕ್ಷೆ) ದಾಟಿ ಹೋದವು. ಟಿಲ್ಟ್ ಟೆಸ್ಟ್ ಈಗಲೂ ಇದೆ, ಆದರೆ ಶುರು ಮಾಡುವ ಮುಂಚೆ ಯಾವುದಾದರೂ ರೋಬೋಟಿನ ಡಸ್ಟ್‌ಬಿನ್ ತೆಗೆದು ಹಲಗೆಯ ಮೇಲೆ ಕೊಡವುತ್ತೇವೆ. ಜಾಬ್ ಕಾರ್ಡಿನಲ್ಲಿ ‘ಧೂಳು ಹಾಕಿದೆಯೇ’ ಅಂತ ಒಂದು ಕಾಲಂ ಕೇಳಿದ್ದೆ, ಫಾರ್ಮ್ಯಾಟ್ ಫ್ರೀಜ್ ಆಗಿದೆ ಅಂತ ವಾಪಸ್ ಬಂತು. ಟ್ರೈನಿ ಹುಡುಗಿಯೇ ಹಲಗೆಯ ಮೇಲೆ ಮಾರ್ಕರಿನಲ್ಲಿ ‘ಒರೆಸಬೇಡಿ’ ಅಂತ ಬರೆದಿಟ್ಟಿದ್ದಾಳೆ. ಹೌಸ್‌ಕೀಪಿಂಗ್ ಅಕ್ಕ ದಿನಾ ಬೆಳಿಗ್ಗೆ ಅದನ್ನು ಓದಿ, ನನ್ನ ಕಡೆ ಒಂದು ನೋಟ ಬೀರಿ, ಹಲಗೆಯನ್ನು ಒರೆಸಿಯೇ ಹೋಗುತ್ತಾರೆ.