ಚಾವಿ ಯಾರ ಹತ್ರ ಐತ್ರೀ?

"ಚಾವಿ ಯಾರ ಹತ್ರ ಐತ್ರೀ?"

"ಅವ್ರು ರಜಾ ಮ್ಯಾಲ ಅದಾರ್ರೀ ಮೇಡಂ."

ಮಂಗಳವಾರದಿಂದ ಈ ಎರಡು ಮಾತು ತಲೆಯಿಂದ ಹೋಗುತ್ತಿಲ್ಲ. ಮನೆಯ ಉತಾರ (ಆಸ್ತಿ ದಾಖಲೆ) ತರಲು ಪಂಚಾಯ್ತಿಗೆ ಹೋಗಿದ್ದೆ. ಗದಗ ಜಿಲ್ಲೆಯ ಒಂದು ಊರು, ಹೆಸರು ಬೇಡ. ಒಳಗೆ ಆಡಿಟ್ ನಡೆದಿತ್ತು. ಸಣ್ಣ ವಯಸ್ಸಿನ ಆಡಿಟರ್ ಒಬ್ಬರು ನಮ್ಮ ಓಣಿಯ ನೀರಿನ ಪೈಪ್ ಕೆಲಸದ ಎಂಬಿ ಪುಸ್ತಕ ಕೇಳುತ್ತಿದ್ದರು. ಎಷ್ಟು ಉದ್ದ ಅಗೆದರು, ಎಷ್ಟು ಪೈಪ್ ಹಾಕಿದರು ಅಂತ ಅಳತೆ ಬರೆದಿಡುವ ಪುಸ್ತಕ ಅದು. ಆ ಅಳತೆಯ ಮೇಲೇ ಬಿಲ್ ಆಗಬೇಕು. ಬಿಲ್ ಆಗಿದೆ. ಪೈಪ್ ಅರ್ಧ ಓಣಿಗೇ ನಿಂತಿದೆ. ನಮ್ಮವ್ವ ಇವತ್ತಿಗೂ ಕೊಡ ಹಿಡಿದು ಆಚೆ ಓಣಿಗೆ ಹೋಗುತ್ತಾಳೆ.

ಪುಸ್ತಕ ಇದ್ದ ಕಪಾಟು ಆ ಮೇಡಂ ಕುರ್ಚಿಯಿಂದ ಎರಡೇ ಹೆಜ್ಜೆ ದೂರ. ಮತ್ತೆ ಕೇಳಿದರು, "ಚಾವಿ ಯಾರ ಹತ್ರ ಐತ್ರೀ?" ದನಿ ಏರಿಸಲಿಲ್ಲ. ಮತ್ತೆ ಅದೇ ಉತ್ತರ. ಗುಮಾಸ್ತರು ಚಹಾ ತರಿಸಿದರು. ಮೇಡಂ ಮುಟ್ಟಲಿಲ್ಲ. ಹಾಳೆ ತೆಗೆದು 'ದಾಖಲೆ ಹಾಜರುಪಡಿಸಿಲ್ಲ' ಎಂದು ಬರೆದರು. ಮುಗೀತು.

ಗುಮಾಸ್ತರು ಕೆಟ್ಟವರಲ್ಲ. ಅವ್ವನ ಪಿಂಚಣಿ ಅರ್ಜಿ ತುಂಬಿ ಕೊಟ್ಟವರು ಅವರೇ. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ಆ ರಾತ್ರಿ ಕೂತು ಓದಿದೆ. ನಮ್ಮ ಪಂಚಾಯ್ತಿ ಬಿಡಿ, ಸರ್ಕಾರಗಳ ಲೆಕ್ಕ ನೋಡುವ ದೇಶದ ಮಹಾಲೆಕ್ಕ ಪರಿಶೋಧಕರ, ಅಂದರೆ ಸಿಎಜಿ ಕಥೆಯೂ ಹೆಚ್ಚು ಬೇರೆಯಲ್ಲ. 1949ರಲ್ಲಿ ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ, ಬಹುಶಃ ಸಂವಿಧಾನದಲ್ಲೇ ಎಲ್ಲರಿಗಿಂತ ಮುಖ್ಯವಾದ ಅಧಿಕಾರಿ ಇವರು ಎಂದಿದ್ದರು. ಸಿಎಜಿ ಕೆಲಸ, ಅಧಿಕಾರ ಹೇಳುವ 1971ರ ಕಾಯ್ದೆಯ 18ನೇ ಕಲಂ ಪ್ರಕಾರ ಅವರು ಸರ್ಕಾರಿ ಕಚೇರಿಗೆ ಹೋಗಿ ಲೆಕ್ಕ ನೋಡಬಹುದು, ಕಾಗದ ತರಿಸಬಹುದು, ಪ್ರಶ್ನೆ ಕೇಳಬಹುದು. ಕೊಡದಿದ್ದರೆ? ಆ ಕಲಂನಲ್ಲಿ ದಂಡದ ಮಾತೇ ಇಲ್ಲ. ವರದಿ ಸದನಕ್ಕೆ ಹೋಗುತ್ತದೆ, ಅಲ್ಲಿಂದ ಸದನದ ಲೆಕ್ಕಪತ್ರ ಸಮಿತಿಗೆ. ಅಷ್ಟರಲ್ಲಿ ವರ್ಷಗಳೇ ಕಳೆದುಬಿಡುತ್ತವೆ.

ಅದೇ ನಾನು ಮಾಹಿತಿ ಹಕ್ಕಿನಲ್ಲಿ ಕೇಳಿದೆ ಅನ್ನಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಲು 2005ರ ಕಾಯ್ದೆಯಲ್ಲಿ ದಾರಿ ಇದೆ. ರಸ್ತೆಯಲ್ಲಿ ಹೋಗುವ ನನ್ನ ಅರ್ಜಿಗೆ ಇರುವ ಬಲ, ಲೆಕ್ಕ ನೋಡಲೆಂದೇ ನೇಮಕವಾದವರ ಪ್ರಶ್ನೆಗೆ ಇಲ್ಲ. ಇದು ತಪ್ಪಲ್ವಾ?

ಅಧಿಕಾರ ಕೊಟ್ಟರೆ ಆಡಿಟರೂ ಕೈ ಒಡ್ಡುತ್ತಾರೆ ಎಂದ ನನ್ನ ಗೆಳೆಯ. ಇರಬಹುದು. ಆದರೆ ಪೊಲೀಸರ ಅಧಿಕಾರ ಕೊಡಿ ಅಂತ ನಾನು ಕೇಳುತ್ತಿಲ್ಲ. ಪಂಚರ ಮುಂದೆ ಕಪಾಟಿಗೆ ಸೀಲ್ ಹಾಕುವಷ್ಟು, ಗುತ್ತಿಗೆದಾರನ ಲೆಕ್ಕವನ್ನೂ ನೋಡುವಷ್ಟು, ಕಾಗದ ಬಚ್ಚಿಟ್ಟವರಿಗೆ ದಂಡ ಹಾಕಿಸುವಷ್ಟು ಸಾಕು.

ಹೊರಡುವಾಗ ಮೇಡಂ ಒಮ್ಮೆ ತಿರುಗಿ ಆ ಕಪಾಟು ನೋಡಿದರು. ನಾನೂ ನೋಡಿದೆ.

ನಿನ್ನೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಅದೇ ಎಂಬಿ ಪುಸ್ತಕದ ನಕಲು ಕೇಳಿ ಅರ್ಜಿ ಹಾಕಿದ್ದೇನೆ.