ಮಳೆ ಲೆಕ್ಕದ ಮೇಲ್: ತಡೆದಿದ್ದು ಆಂಟಿವೈರಸ್

ದಿನದ ಮಳೆ ಲೆಕ್ಕದ ಮೇಲ್ ಹೋಗುವುದು ನಿಂತಿತ್ತು. ನನ್ನ ಮಳೆಮಾಪಕದ ಕಡೆಯಿಂದ ತೊಂದರೆ ಏನಿಲ್ಲ. ಅದರೊಳಗಿನ ಪುಟ್ಟ ಬಕೆಟ್ ತುಂಬಿ ಒಮ್ಮೆ ಮಗುಚಿದರೆ 0.2 ಮಿ.ಮೀ. ಮಳೆ, ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ದಿನದ ಲೆಕ್ಕ ಮುಗಿಯುತ್ತದೆ. ಅದನ್ನು ಶಿರಸಿ ಸುತ್ತಲಿನ ಅಡಿಕೆ ತೋಟದವರಿಗೆ ಮೇಲ್ ಮಾಡುವುದು ಹಳೇ ಲ್ಯಾಪ್‌ಟಾಪಿನಲ್ಲಿರುವ ಪೈಥಾನ್ ಸ್ಕ್ರಿಪ್ಟ್, ಅಂದರೆ ಒಂದು ಪುಟ್ಟ ಪ್ರೋಗ್ರಾಂ. ನಿಂತಿದ್ದು ಅಲ್ಲಿಯೇ. ಆಂಟಿವೈರಸ್ ಹೊಸ ಆವೃತ್ತಿಗೆ ಏರಿದ ಮೇಲೆ ಮೇಲ್ ಬರುತ್ತಿತ್ತು, ಹೋಗುತ್ತಿರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಹೊತ್ತು ಬೇರೆ. “ಎಂತಾ ಭಾವ, ಇವತ್ತಿನ ಲೆಕ್ಕ ಬಂಜಿಲ್ಲೆ?” ಎಂದು ಫೋನ್ ಶುರುವಾಯಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುವುದೇ ಕಷ್ಟವಿರುವಾಗ ಯಾವ ದಿನ ಅವನನ್ನು ಕರೆಯಬೇಕೆಂದು ಈ ಅಂಕಿ ನೋಡಿ ನಿರ್ಧರಿಸುವವರಿದ್ದಾರೆ.

ಅದೇ ವೈಫೈಯಲ್ಲಿ, ಅದೇ ಖಾತೆಯಿಂದ ಮೊಬೈಲಿನಲ್ಲಿ ಕಳಿಸಿದರೆ ಹೋಯಿತು. ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟಿಗೆ ಹಾಕಿದರೂ ಹೋಗಲಿಲ್ಲ. ಅಲ್ಲಿಗೆ ಸರ್ವರ್, ಇಂಟರ್ನೆಟ್ ಎರಡೂ ಸರಿ. ಅಡ್ಡಿ ಇರುವುದು ಲ್ಯಾಪ್‌ಟಾಪಿನ ಒಳಗೇ. ಆದರೆ ಮೇಲ್ ಹೊರಹೋಗುವ ಬಾಗಿಲಾದ 587ನೇ ಪೋರ್ಟ್ ತೆರೆದಿದೆಯೇ ಎಂದು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಕೇಳಿದರೆ ‘ಟ್ರೂ’ ಎಂದೇ ಉತ್ತರ. ಈ ಉತ್ತರವನ್ನು ನಂಬಿ ಕೂರಬಾರದು. ಆಂಟಿವೈರಸ್ಸಿನಲ್ಲಿ ಮೇಲ್ ತಪಾಸಣೆ ಮಾಡುವ ಭಾಗವಾದ ಮೇಲ್ ಶೀಲ್ಡ್ ಕಂಪ್ಯೂಟರಿನಲ್ಲೇ ಒಂದು ಪ್ರಾಕ್ಸಿ (ಮಧ್ಯವರ್ತಿ) ಇಟ್ಟುಕೊಂಡು ಸಂಪರ್ಕವನ್ನು ತಾನೇ ಸ್ವೀಕರಿಸುತ್ತದೆ. ಬಾಗಿಲು ತೆಗೆದದ್ದು ಯಾರೆಂದು ಆ ಪರೀಕ್ಷೆಗೆ ಗೊತ್ತಾಗುವುದಿಲ್ಲ.

ಸರ್ವರ್ ಜೊತೆಗಿನ ಮಾತುಕತೆಯೆಲ್ಲ ಕಾಣುವಂತೆ ಸ್ಕ್ರಿಪ್ಟಿನಲ್ಲಿ ಡೀಬಗ್ ಆನ್ ಮಾಡಿದಾಗ ವಿಷಯ ಕಣ್ಣಿಗೆ ಬಿತ್ತು. ‘ಇಹೆಚ್‌ಎಲ್‌ಒ’ ಎಂದು ನಮಸ್ಕಾರ ಹೇಳಿದ ಕೂಡಲೇ ಸರ್ವರ್ ತನಗೆ ಏನೇನು ಬರುತ್ತದೆಂದು 250ರಿಂದ ಶುರುವಾಗುವ ಸಾಲುಗಳಲ್ಲಿ ಹೇಳಬೇಕು. ಬೇರೆ ಕಂಪ್ಯೂಟರಿನಲ್ಲಿ ಆ ಸಾಲುಗಳ ನಡುವೆ ‘ಸ್ಟಾರ್ಟ್‌ಟಿಎಲ್‌ಎಸ್’ ಇತ್ತು, ಅಂದರೆ ಇನ್ನು ಟಿಎಲ್‌ಎಸ್ ಎಂಬ ಗೂಢಲಿಪಿಯಲ್ಲಿ ಮಾತಾಡಬಹುದು ಎಂದು. ಇಲ್ಲಿ ಆ ಒಂದು ಸಾಲು ಮಾತ್ರ ಮಾಯ. ಗೂಢಲಿಪಿ ಶುರುವಾದರೆ ಒಳಗಿನದು ಓದಲು ಬರುವುದಿಲ್ಲವೆಂದು ಪ್ರಾಕ್ಸಿ ಅದನ್ನು ದಾರಿಯಲ್ಲೇ ತೆಗೆದುಬಿಟ್ಟಿತ್ತು. ಮೊದಲ ಬೈಟಿನಿಂದಲೇ ಟಿಎಲ್‌ಎಸ್ ಇರುವ 465ನೇ ಪೋರ್ಟಿಗೆ ಹೋಗಿ, ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರ ತೆರೆದು ನೋಡಿದೆ. ಕೊಟ್ಟವರ ಹೆಸರಿನ ಜಾಗದಲ್ಲಿ ಆಂಟಿವೈರಸ್ಸಿನ ಹೆಸರು. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುವವರಿಗೆ ಪ್ರಮಾಣಪತ್ರದ ಎಚ್ಚರಿಕೆ ಬರುವುದೂ ಹೆಚ್ಚಾಗಿ ಇದರಿಂದಲೇ, ಏಕೆಂದರೆ ಯಾರು ಕೊಟ್ಟ ಪ್ರಮಾಣಪತ್ರ ನಂಬಬೇಕೆಂಬುದಕ್ಕೆ ಅದು ವಿಂಡೋಸ್‌ನ ಪಟ್ಟಿಯನ್ನು ಬಿಟ್ಟು ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ.

ಹೊರಹೋಗುವ ಮೇಲ್ ತಪಾಸಣೆಗೆ ಅರ್ಥವಿಲ್ಲವೆಂದಲ್ಲ. 2004ರ ಮೈಡೂಮ್ ತನ್ನೊಳಗೇ ಮೇಲ್ ಕಳಿಸುವ ವ್ಯವಸ್ಥೆ (ಎಸ್‌ಎಂಟಿಪಿ) ಇಟ್ಟುಕೊಂಡು, ಹೊಕ್ಕ ಕಂಪ್ಯೂಟರಿನಿಂದ ರಾಶಿ ರಾಶಿ ಮೇಲ್ ಕಳಿಸಿದ, ತಾನೇ ಹರಡುವ ವರ್ಮ್. ದಿನಾ ಒಂದೇ ಹೊತ್ತಿಗೆ ಊರವರಿಗೆಲ್ಲ ಒಂದೇ ಮೇಲ್ ಕಳಿಸುವ ನನ್ನ ಸ್ಕ್ರಿಪ್ಟ್ ಹೊರಗಿನಿಂದ ಅದರಂತೆಯೇ ಕಾಣುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಎರಡು, ಎರಡೂ ನನಗೆ ಒಪ್ಪಿಗೆಯಿಲ್ಲ. ಆಂಟಿವೈರಸ್ಸನ್ನೇ ಆಫ್ ಮಾಡಿದರೆ ಪೆನ್‌ಡ್ರೈವ್‌ಗಳು ಓಡಾಡುವ ಮನೆಯಲ್ಲಿ ಕಾವಲಿಲ್ಲ. ಸ್ಟಾರ್ಟ್‌ಟಿಎಲ್‌ಎಸ್ ಸಾಲನ್ನು ಕೋಡಿನಿಂದ ಕಿತ್ತರೆ ಇವತ್ತು ಮೇಲ್ ಹೋಗಬಹುದು, ಪ್ರಾಕ್ಸಿ ಮುಂದೆ ತಾನೇ ಟಿಎಲ್‌ಎಸ್ ಹಾಕಿಕೊಂಡರೆ. ನಾಳೆ ಆಂಟಿವೈರಸ್ ತೆಗೆದ ದಿನ, ಸರ್ವರ್ ಬೇಡವೆನ್ನದಿದ್ದರೆ, ಪಾಸ್‌ವರ್ಡ್ ಬಯಲಿನಲ್ಲೇ ಹೋಗುತ್ತದೆ. ನಾನು ಮೇಲ್ ಶೀಲ್ಡ್‌ನ ವಿನಾಯಿತಿ ಪಟ್ಟಿಗೆ ಆ ಒಂದು ಸರ್ವರ್ ಹೆಸರನ್ನಷ್ಟೇ ಸೇರಿಸಿದೆ. ಫೈಲ್ ತಪಾಸಣೆ, ಒಳಬರುವ ಮೇಲ್ ತಪಾಸಣೆ ಮೊದಲಿನಂತೆಯೇ ಇವೆ. ಮತ್ತೆ ಓಡಿಸಿದರೆ ಕಾಣೆಯಾಗಿದ್ದ ಸಾಲು ವಾಪಸ್, ಪ್ರಮಾಣಪತ್ರದಲ್ಲಿ ಆಂಟಿವೈರಸ್ಸಿನ ಬದಲು ಅದನ್ನು ನಿಜಕ್ಕೂ ಕೊಟ್ಟ ಗೂಗಲ್ ಟ್ರಸ್ಟ್ ಸರ್ವಿಸಸ್ ಹೆಸರು. ಬಾಕಿ ಉಳಿದಿದ್ದ ಲೆಕ್ಕವೆಲ್ಲ ಒಂದೇ ಮೇಲಿನಲ್ಲಿ ಹೋಯಿತು.

ಮುಂದಿನ ಅಪ್‌ಡೇಟ್ ಈ ವಿನಾಯಿತಿಯನ್ನು ಅಳಿಸಿದರೂ ಗೊತ್ತಾಗಲೆಂದು, ಪ್ರಮಾಣಪತ್ರ ಕೊಟ್ಟವರ ಹೆಸರನ್ನು ಸ್ಕ್ರಿಪ್ಟ್ ಈಗ ದಿನಾ ಲಾಗ್‌ನಲ್ಲಿ ಬರೆದಿಡುತ್ತದೆ. ಹೋಗದ ಮೇಲನ್ನು ಫೋಲ್ಡರಿನಲ್ಲಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಇನ್ನು ಬಾಕಿ ಇರುವುದು, ಗಾಳಿಮಳೆಗೆ ಕರೆಂಟ್ ಹೋದಾಗ ಬೆಳಗಿನ ಲೆಕ್ಕ ತಪ್ಪದಂತೆ ಮಾಪಕಕ್ಕೆ ಬ್ಯಾಟರಿ ಕೂರಿಸುವುದು.