ಗಾಂಜಾ ಕೇಸಿನ ಅಪೀಲು ಶುರುವಾಗುವುದು ಪಾಟಿ ಸವಾಲಿನಲ್ಲೇ

ಹತ್ತಿ, ತೊಗರಿ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕಿತೆಂದು ಕೇಸಾದರೆ ಮೊದಲು ಜಪ್ತಿ ಪಂಚನಾಮೆಯ ತೂಕ ನೋಡಿ. ಬೇರು, ಕಾಂಡ, ಹಸಿ ಎಲೆ ಸಮೇತ ತೂಗಿ 24 ಕಿಲೋ ಎಂದು ಬರೆದಿದ್ದರೆ ಅದನ್ನು ಸುಮ್ಮನೆ ಒಪ್ಪಬಾರದು. ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಕಟ್ಟಿದ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ ಜೈಲು, 1 ಲಕ್ಷ ದಂಡ. ಅದರೊಳಗಿದ್ದರೆ ಇಷ್ಟಾದರೂ ಶಿಕ್ಷೆ ಕೊಡಲೇಬೇಕೆಂಬ ಕನಿಷ್ಠ ಮಿತಿ ಇಲ್ಲ. ಬೇರಿನ ಮಣ್ಣು ಒಬ್ಬ ರೈತನ ಹತ್ತು ವರ್ಷ ತಿನ್ನಬಹುದು. (ಬೆಳೆದ ಆರೋಪ ಬೇರೆ, 20(ಎ) ಕಲಮಿಗೆ ತೂಕ ಬೇಕಿಲ್ಲ, 10 ವರ್ಷದವರೆಗೆ ಶಿಕ್ಷೆ.)

ಈ ಮಾತನ್ನು ಹೈಕೋರ್ಟಿನಲ್ಲಿ ಮೊದಲ ಸಲ ಎತ್ತಿದರೆ ಬಲವಿರುವುದಿಲ್ಲ. ತನಿಖಾಧಿಕಾರಿಯ ಪಾಟಿ ಸವಾಲಿನಲ್ಲೇ ಕೇಳಿ: ತುದಿ ಬೇರ್ಪಡಿಸಿದಿರಾ? ತಕ್ಕಡಿ ಯಾರದು? ಮಾದರಿ ತೆಗೆದದ್ದು ಹೊಲದಲ್ಲೋ, ಅದೇ ಕಾಯ್ದೆಯ 52ಎ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರ ಎದುರೋ? ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಹೋಗುವತನಕ ಮುದ್ದೆಮಾಲು, ಅಂದರೆ ಜಪ್ತಿ ಮಾಡಿದ ವಸ್ತು, ಯಾರ ವಶದಲ್ಲಿತ್ತು? ದಾಖಲೆಯನ್ನು ಸಾಕ್ಷ್ಯವಾಗಿ ಗುರುತಿಸಿ ನಿಶಾನೆ ಹಾಕುವಾಗ ಆಕ್ಷೇಪಣೆ ಇದ್ದರೆ ಸಾಕ್ಷಿಯ ಹೇಳಿಕೆಯಲ್ಲೇ ಬರೆಸಿ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಜಾಗದಲ್ಲಿ ಬಂದ ಕಾಯ್ದೆ) 511ನೇ ಕಲಮಿನಡಿ ಮೇಲಿನ ಕೋರ್ಟು, ಆಕ್ಷೇಪಣೆಯನ್ನು ಮೊದಲೇ ಎತ್ತಬಹುದಿತ್ತೇ, ಎತ್ತಬೇಕಿತ್ತೇ ಎಂದು ನೋಡುತ್ತದೆ. 52ಎ ತಪ್ಪಿದ ಮಾತ್ರಕ್ಕೆ ಬಿಡುಗಡೆಯಿಲ್ಲ ಎಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದ ಮೇಲಂತೂ, ಆ ತಪ್ಪಿನಿಂದ ಸಾಕ್ಷ್ಯ ಹೇಗೆ ಕೆಟ್ಟಿತೆಂದು ತೋರಿಸುವ ಉತ್ತರಗಳು ದಾಖಲೆಯಲ್ಲಿರಲೇಬೇಕು. ಎನ್‌ಡಿಪಿಎಸ್‌ನ 50ನೇ ಕಲಮಿನ ವಾದ (ಮ್ಯಾಜಿಸ್ಟ್ರೇಟ್ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ತಪಾಸಣೆ ಕೇಳುವ ಹಕ್ಕು) ಮೈ ತಪಾಸಣೆಗಷ್ಟೇ, ಕೈಚೀಲಕ್ಕಲ್ಲ.

ಶಿಕ್ಷೆಯ ಪ್ರಮಾಣದ ವಾದವನ್ನು ಅನೇಕರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಇದು ದೊಡ್ಡ ನಷ್ಟ. ವಯಸ್ಸು, ಹಿಂದಿನ ಕೇಸು ಇಲ್ಲದ್ದು, ಮನೆಯ ಸ್ಥಿತಿ, ಬಂಧನದಲ್ಲಿ ಕಳೆದ ದಿನಗಳ ಲೆಕ್ಕವನ್ನು ಮೆಮೊ ಮಾಡಿ ಸಲ್ಲಿಸಿ. ಕನಿಷ್ಠಕ್ಕಿಂತ ಹೆಚ್ಚು ಕೊಟ್ಟಿದ್ದರೆ ಹೆಚ್ಚಿನ ಶಿಕ್ಷೆಗೆ ಪರಿಗಣಿಸಬೇಕಾದ ಅಂಶಗಳ ಪಟ್ಟಿಯಿರುವ 32ಬಿ ಕಲಮು ತೆಗೆಯಿರಿ: ಹಿಂಸೆ, ಅಪ್ರಾಪ್ತರ ಬಳಕೆ, ಶಾಲೆಯ ಆವರಣ ಮುಂತಾದವು ಅಲ್ಲಿವೆ. ಪಟ್ಟಿಯಲ್ಲಿಲ್ಲದ ಮಾಲಿನ ಪ್ರಮಾಣವನ್ನೂ ಕೋರ್ಟು ಪರಿಗಣಿಸಬಹುದು. ಆದರೆ ತೀರ್ಪಿನಲ್ಲಿ ಕಾರಣ ಇರಬೇಕು. ಕನಿಷ್ಠ ದಂಡ ಇಳಿಯದು. ದಂಡ ಕಟ್ಟದಿದ್ದರೆ ಅನುಭವಿಸುವ ಹೆಚ್ಚುವರಿ ಜೈಲನ್ನು ಇಳಿಸಲು ಕೇಳಬಹುದು.

ರಾಯಚೂರಿನ ಅಪೀಲು ಕಲಬುರಗಿ ಪೀಠಕ್ಕೆ, ಕೊಪ್ಪಳ, ಬಳ್ಳಾರಿಯದು ಧಾರವಾಡಕ್ಕೆ. ಅವಧಿ 60 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಬಿಟ್ಟು ಎಣಿಸಿ. ವಾಣಿಜ್ಯ ಪ್ರಮಾಣದಲ್ಲಿ ಶಿಕ್ಷೆ ಅಮಾನತಿಗೆ ಜಾಮೀನಿಗೆ ಕಠಿಣ ಷರತ್ತು ಹಾಕುವ 37ನೇ ಕಲಮು ಅಡ್ಡ ಬರುತ್ತದೆ. ವಕೀಲರಿಗೆ ಹಣವಿಲ್ಲವೆಂದು ಯಾರೂ ಕೂರಬೇಡಿ: ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಅಪೀಲನ್ನು ಜೈಲಧಿಕಾರಿಯ ಕೈಗೇ ಕೊಡಬಹುದು.